ಎಲ್ಲ ಮಾಯೆ ಅನ್ನುವುದಾದರೆ ಅಪ್ಪ ಇದ್ದದ್ದು ನಿಜವಾ?

ಓದುಗರ ಪ್ರಶ್ನೆ:

ಮೇಡಂ, ನಮಸ್ಕಾರ. ನನಗೆ 25 ವರ್ಷ. ಊರು ಚಿತ್ರದುರ್ಗ. ಎಂಎಸ್ಸಿ ಫಿಸಿಕ್ಸ್ ಮುಗಿಸಿ ಈಗ ದಾವಣಗೆರೆಯಲ್ಲಿ ರೂಮ್ ಮಾಡಿಕೊಂಡು ಕಾಂಪಿಟೇಟಿವ್ ಪರೀಕ್ಷೆಗೆ ಓದ್ತಾ ಇದೀನಿ. ಹೋದ ವರ್ಷ ಅಪ್ಪ ತೀರಿಕೊಂಡರು. ಮಣ್ಣಿಗೆ ಬಂದವರೆಲ್ಲ ‘ಎಲ್ಲಾ ಮಾಯೆ ಕಣಪ್ಪ, ಮನಸ್ಸಿಗೆ ಹಚ್ಕೋಬೇಡ’ ಅಂದರು. ಆ ಮಾತು ತಲೆಯಿಂದ ಹೋಗಲೇ ಇಲ್ಲ. ರಾತ್ರಿ ನಿದ್ದೆ ಬರದೆ ಯೂಟ್ಯೂಬ್ ನೋಡೋಕೆ ಶುರು ಮಾಡಿದೆ. ಪರಮಾಣು ಒಳಗೆಲ್ಲ ಖಾಲಿಯಂತೆ. ಯಾರೂ ನೋಡದಿದ್ದರೆ ಜಗತ್ತೇ ಇರಲ್ವಂತೆ. 2022ರ ನೊಬೆಲ್ ಕೊಟ್ಟಿದ್ದೇ ಇದನ್ನ ತೋರಿಸಿದ್ದಕ್ಕಂತೆ. ನಾವೆಲ್ಲ ಯಾರದೋ ಕಂಪ್ಯೂಟರ್ ಸಿಮ್ಯುಲೇಶನ್ ಒಳಗೆ ಇದೀವಂತೆ. ಶಂಕರಾಚಾರ್ಯರು ಜಗತ್ತು ಮಿಥ್ಯೆ ಅಂದಿದ್ದೂ ಇದನ್ನೇ ಅಲ್ವಾ? ಹಾಗಾದ್ರೆ ನಮ್ಮಪ್ಪ ನಿಜವಾಗಿ ಇದ್ದರಾ?

ಇನ್ನೊಂದು ವಿಷಯ. ಸಂಜೆ ಪಿ.ಜೆ. ಬಡಾವಣೆ ಕಡೆ ನಡೀತಾ ಇದ್ರೆ ಎಲ್ಲ ಗಾಜಿನ ಆಚೆ ಇದ್ದ ಹಾಗೆ ಕಾಣುತ್ತೆ. ಒಂದೊಂದು ಸಲ ನನ್ನ ಕೈ ನನ್ನದಲ್ಲ ಅನ್ನಿಸುತ್ತೆ. ಓದೋಕೆ ಕೂತರೆ ‘ಯಾಕೆ ಓದಬೇಕು’ ಅನ್ನಿಸುತ್ತೆ. ರೂಮ್‌ಮೇಟ್ ‘ಇದು ಜ್ಞಾನದ ಮೊದಲ ಮೆಟ್ಟಿಲು, ಎಲ್ಲ ಬಿಟ್ಟು ಯಾವುದಾದರೂ ಆಶ್ರಮಕ್ಕೆ ಹೋಗು’ ಅಂತಾನೆ. ಅಮ್ಮನಿಗೆ ಇದ್ಯಾವುದನ್ನೂ ಹೇಳಿಲ್ಲ. ನನಗೆ ಹುಚ್ಚು ಹಿಡೀತಾ ಇದೆಯಾ?

— ಹೆಸರು ಬೇಡ, ದಾವಣಗೆರೆ

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ವಿಷಯಗಳು ಒಂದಕ್ಕೊಂದು ಗಂಟು ಬಿದ್ದಿವೆ. ಜಗತ್ತು ನಿಜವಾ ಅನ್ನುವುದು ಒಂದು. ಅಪ್ಪನನ್ನು ಕಳೆದುಕೊಂಡ ದುಃಖ ಇನ್ನೊಂದು. ಗಾಜಿನ ಆಚೆಯಿಂದ ನೋಡಿದ ಹಾಗೆ ಆಗುವ ಅನುಭವ ಮತ್ತೊಂದು. ಮೊದಲನೆಯದು ತತ್ವಶಾಸ್ತ್ರದ ಪ್ರಶ್ನೆ, ಅದರ ಬಗ್ಗೆ ಎಷ್ಟು ಬೇಕಾದರೂ ವಾದ ಮಾಡಬಹುದು. ದುಃಖಕ್ಕೆ ವಾದ ಬೇಕಿಲ್ಲ. ಗಾಜಿನ ಅನುಭವ ದೇಹ, ಮನಸ್ಸಿನ ಒಂದು ಸ್ಥಿತಿ, ವಾದ ಮಾಡಿ ಅದನ್ನು ಓಡಿಸಲು ಆಗುವುದಿಲ್ಲ. ನೀವು ಆ ಅನುಭವವನ್ನೇ ‘ಜಗತ್ತು ಸುಳ್ಳು’ ಅನ್ನುವುದಕ್ಕೆ ಸಾಕ್ಷಿ ಮಾಡಿಕೊಂಡಿದ್ದೀರಿ. ಹೆದರಿಕೆ ಬೆಳೆಯುತ್ತಿರುವುದು ಅಲ್ಲಿಂದ.

ನೀವು ಬರೆದದ್ದರಲ್ಲಿ ಹುಚ್ಚಿನ ಲಕ್ಷಣ ನನಗೆ ಕಾಣಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಆದರೂ ಒಮ್ಮೆ ವೈದ್ಯರನ್ನು ಕಾಣಲೇಬೇಕು ಅಂತಲೂ ಹೇಳುತ್ತೇನೆ. ನಾನು ವೈದ್ಯೆಯಲ್ಲ. ದಾವಣಗೆರೆಯ ಕಾಲೇಜಿನಲ್ಲಿ ತರ್ಕಶಾಸ್ತ್ರ, ತತ್ವಶಾಸ್ತ್ರ ಪಾಠ ಮಾಡಿದವಳು. ಈ ಪ್ರಶ್ನೆ ಹೊತ್ತುಕೊಂಡು ಸ್ಟಾಫ್ ರೂಮಿಗೆ ಬಂದ ಹುಡುಗ ಹುಡುಗಿಯರನ್ನು ತುಂಬಾ ನೋಡಿದ್ದೇನೆ. ಸುಮ್ನೆ ಕುತೂಹಲಕ್ಕೆ ಕೇಳುವವರ ಮುಖ ಬೇರೆ. ಮನೆಯಲ್ಲಿ ಸಾವಾಗಿಯೋ ಪರೀಕ್ಷೆ ಕೈಕೊಟ್ಟೋ ಕೇಳುವವರ ಮುಖ ಬೇರೆ. ಎರಡನೆಯವರಿಗೆ ಬರೀ ಪುಸ್ತಕದ ಉತ್ತರ ಕೊಟ್ಟರೆ ಅನ್ಯಾಯ. ಪುಸ್ತಕದ ಉತ್ತರವನ್ನೇ ಕೊಡದೆ ‘ಅದೆಲ್ಲ ಬಿಡು, ಓದ್ಕೋ’ ಅಂದರೂ ಅನ್ಯಾಯವೇ.

ನೀವು ಫಿಸಿಕ್ಸ್ ಓದಿದವರು. ಅಲ್ಲಿಂದಲೇ ಶುರು ಮಾಡೋಣ.

ಪರಮಾಣು ಖಾಲಿ ಅನ್ನುವ ಮಾತು ರುದರ್‌ಫರ್ಡ್ 1911ರಲ್ಲಿ ಕೊಟ್ಟ ಚಿತ್ರದಿಂದ ಬಂದದ್ದು. ನಡುವೆ ಪುಟ್ಟ ನ್ಯೂಕ್ಲಿಯಸ್, ಸುತ್ತ ದೂರದಲ್ಲಿ ಎಲೆಕ್ಟ್ರಾನ್. ನ್ಯೂಕ್ಲಿಯಸ್ಸಿನ ಅಳತೆ ಪರಮಾಣುವಿನ ಸುಮಾರು 1 ಲಕ್ಷದಲ್ಲಿ ಒಂದು ಭಾಗ ಅನ್ನುವುದು ನಿಜ. ಆದರೆ ಉಳಿದ ಜಾಗ ಬರಿದಾಗಿದೆ ಅನ್ನುವುದು ಹಳೆಯ ಚಿತ್ರ. ಕ್ವಾಂಟಮ್ ಮೆಕ್ಯಾನಿಕ್ಸ್‌ನಲ್ಲಿ ಎಲೆಕ್ಟ್ರಾನ್ ಒಂದು ಚುಕ್ಕೆಯಾಗಿ ಸುತ್ತುವುದಿಲ್ಲ, ಆ ಜಾಗದ ತುಂಬ ಹರಡಿಕೊಂಡಿರುತ್ತದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದುರ್ಗದ ಕೋಟೆಯ ಬಂಡೆಗೆ ಕೈ ಒತ್ತಿದರೆ ಕೈ ಒಳಗೆ ಹೋಗದಿರಲು ಕಾರಣ ವಿದ್ಯುತ್ ಬಲ ಮತ್ತು ಪೌಲಿ ನಿಯಮ. ಎರಡು ಎಲೆಕ್ಟ್ರಾನ್‌ಗಳು ಒಂದೇ ಸ್ಥಿತಿಯಲ್ಲಿ ಇರಲಾರವು ಅನ್ನುವ ಈ ನಿಯಮದಿಂದಲೇ ವಸ್ತು ಕುಸಿಯದೆ ನಿಲ್ಲುತ್ತದೆ ಅಂತ 1967ರಲ್ಲಿ ಡೈಸನ್ ಮತ್ತು ಲೆನಾರ್ಡ್ ಗಣಿತದಲ್ಲಿ ಸಾಧಿಸಿ ತೋರಿಸಿದರು. ಅಂದರೆ ಬಂಡೆ ಯಾಕೆ ಗಟ್ಟಿ ಅನ್ನುವುದಕ್ಕೆ ವಿಜ್ಞಾನ ಕಾರಣ ಕೊಟ್ಟಿದೆ. ಬಂಡೆ ಗಟ್ಟಿಯಿಲ್ಲ ಅಂತ ಎಲ್ಲೂ ಹೇಳಿಲ್ಲ. ಒಂದು ವಸ್ತು ಯಾವುದರಿಂದ ಆಗಿದೆ ಅಂತ ತಿಳಿದುಕೊಂಡರೆ ಆ ವಸ್ತು ಇಲ್ಲವಾಗುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಶಂಕರರ ಹತ್ತಿರ ಹೋದಾಗಲೂ ಬೇಕಾಗುತ್ತದೆ.

ಇನ್ನು ನೊಬೆಲ್. 2022ರ ಬಹುಮಾನ ಬಂದದ್ದು ಅಲೆ ಆಸ್ಪೆ, ಜಾನ್ ಕ್ಲೌಸರ್, ಆಂಟನ್ ಜೈಲಿಂಗರ್ ಅವರಿಗೆ. ಹೆಣೆದುಕೊಂಡ ಫೋಟಾನ್‌ಗಳ, ಅಂದರೆ ಒಂದರ ಅಳತೆ ಇನ್ನೊಂದರ ಅಳತೆಗೆ ತಾಳೆಯಾಗುವ ಬೆಳಕಿನ ಕಣಗಳ ಮೇಲೆ ಪ್ರಯೋಗ ಮಾಡಿ, ಜಾನ್ ಬೆಲ್ 1964ರಲ್ಲಿ ಬರೆದ ಅಸಮಾನತೆ, ಅಂದರೆ ಆ ತಾಳೆಗೆ ಹಾಕಿದ ಮಿತಿ, ಮುರಿಯುತ್ತದೆ ಅಂತ ತೋರಿಸಿದ್ದಕ್ಕೆ. ಆಗ ‘ಜಗತ್ತು ಲೋಕಲಿ ರಿಯಲ್ ಅಲ್ಲ’ ಅನ್ನುವ ತಲೆಬರಹ ಎಲ್ಲ ಕಡೆ ಓಡಾಡಿತು. ಅಲ್ಲಿ ‘ರಿಯಲ್’ ಅಂದರೆ ಅಳೆಯುವುದಕ್ಕೆ ಮೊದಲೇ ಕಣದ ಗುಣಕ್ಕೆ ನಿಶ್ಚಿತ ಬೆಲೆ ಇರುತ್ತದೆ ಅನ್ನುವ ಊಹೆ. ‘ಲೋಕಲ್’ ಅಂದರೆ ಯಾವ ಪ್ರಭಾವವೂ ಬೆಳಕಿಗಿಂತ ಜೋರಾಗಿ ಹೋಗಲಾರದು ಅನ್ನುವ ಊಹೆ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಆಗುವುದಿಲ್ಲ ಅನ್ನುವುದೇ ಆ ಪ್ರಯೋಗಗಳ ಫಲಿತಾಂಶ. ಯಾವುದನ್ನು ಬಿಡಬೇಕು ಅಂತ ಭೌತಶಾಸ್ತ್ರಜ್ಞರು ಇವತ್ತಿಗೂ ಒಪ್ಪಿಲ್ಲ. ಆದರೆ ಪ್ರಯೋಗಾಲಯವಿಲ್ಲ, ಫೋಟಾನ್ ಇಲ್ಲ, ಊರಿಲ್ಲ ಅಂತ ಅವರ್ಯಾರೂ ಹೇಳಿಲ್ಲ.

ಯಾರೂ ನೋಡದಿದ್ದರೆ ಜಗತ್ತಿಲ್ಲ ಅನ್ನುವುದೂ ಇಂಥದ್ದೇ ತಪ್ಪು. ಕ್ವಾಂಟಮ್ ಪ್ರಯೋಗದಲ್ಲಿ ‘ನೋಡುವುದು’ ಅಂದರೆ ಮನುಷ್ಯನ ಕಣ್ಣು ಅಂತಲ್ಲ. ಡಿಟೆಕ್ಟರ್ ಮುಟ್ಟಿದರೂ ಸಾಕು, ಗಾಳಿಯ ಒಂದು ಅಣು ಬಡಿದರೂ ಸಾಕು. ನಿಮ್ಮ ಜಿಲ್ಲೆಯಲ್ಲೇ ಮರಡಿಹಳ್ಳಿಯಲ್ಲಿ ದಿಂಬಿನ ಹಾಗೆ ಉಂಡೆ ಉಂಡೆಯಾದ ಲಾವಾ ಕಲ್ಲುಗಳಿವೆ, ಹೋಗಿ ನೋಡಿದ್ದೀರಾ? ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಸುಮಾರು 250 ಕೋಟಿ ವರ್ಷದ ಹಿಂದೆ ಬಿಸಿ ಲಾವಾ ನೀರಿನೊಳಗೆ ಉಕ್ಕಿ, ಹೊರಮೈ ತಟಕ್ಕನೆ ತಣ್ಣಗಾಗಿ ಆ ಆಕಾರ ಬಂತು. ಆಗ ಭೂಮಿಯ ಮೇಲೆ ಸೂಕ್ಷ್ಮಜೀವಿಗಳು ಬಿಟ್ಟರೆ ನೋಡುವ ಕಣ್ಣು ಒಂದೂ ಇರಲಿಲ್ಲ. ಕಲ್ಲು ಮಾತ್ರ ಅಲ್ಲಿದೆ. ದೇವರು ನೋಡುತ್ತಿದ್ದ ಅಂತ ಬರ್ಕ್ಲಿಯಂಥ ತತ್ವಜ್ಞಾನಿ ಉತ್ತರ ಕೊಡಬಹುದು. ಅದು ಗಂಭೀರವಾದ ಉತ್ತರವೇ, ನಾನು ತಳ್ಳಿಹಾಕುವುದಿಲ್ಲ. ಆದರೆ ಅದು ಫಿಸಿಕ್ಸ್ ಅಲ್ಲ. ವಿಡಿಯೋ ಮಾಡುವವರು ಅದನ್ನು ಫಿಸಿಕ್ಸ್ ಅಂತ ಮಾರುವುದು ನನಗೆ ನಿಜವಾಗಿ ಬೇಸರ ತರುತ್ತದೆ. ನಿದ್ದೆಯಿಲ್ಲದ ಮಕ್ಕಳು ಅದನ್ನು ನೋಡುತ್ತಾರೆ ಅನ್ನುವ ಯೋಚನೆ ಅವರಿಗೆ ಇರಬೇಕು.

ಸಿಮ್ಯುಲೇಶನ್ ವಾದಕ್ಕೆ ಬರೋಣ. ಇದನ್ನು ನಿಕ್ ಬೋಸ್ಟ್ರಂ ಅನ್ನುವ ತತ್ವಶಾಸ್ತ್ರಜ್ಞರು 2003ರಲ್ಲಿ ಮುಂದಿಟ್ಟರು. ನಾವು ಸಿಮ್ಯುಲೇಶನ್ ಒಳಗಿದ್ದೇವೆ ಅಂತ ಅವರು ಸಾಧಿಸಲಿಲ್ಲ. ಮೂರರಲ್ಲಿ ಒಂದು ನಿಜವಿರಬೇಕು ಅಂದರು. ನಮ್ಮಂಥ ನಾಗರಿಕತೆಗಳು ಅಷ್ಟು ಶಕ್ತಿ ಬರುವ ಮೊದಲೇ ಹೆಚ್ಚುಕಡಿಮೆ ಎಲ್ಲವೂ ಅಳಿದುಹೋಗುತ್ತವೆ, ಇಲ್ಲವೇ ಶಕ್ತಿ ಬಂದರೂ ಇಂಥ ಸಿಮ್ಯುಲೇಶನ್ ಮಾಡುವ ಆಸಕ್ತಿ ಯಾರಿಗೂ ಇರುವುದಿಲ್ಲ, ಇಲ್ಲವೇ ನಾವು ಬಹುಮಟ್ಟಿಗೆ ಅದರೊಳಗೇ ಇದ್ದೇವೆ. ಇಡೀ ವಾದ ಒಂದು ಊಹೆಯ ಮೇಲೆ ನಿಂತಿದೆ: ಲೆಕ್ಕ ಮಾಡುವ ಯಂತ್ರದಲ್ಲಿ ಅರಿವು ಹುಟ್ಟಬಲ್ಲದು ಅನ್ನುವುದು. ಅದು ಸರಿಯೇ ಅಂತ ಇದುವರೆಗೆ ಯಾರೂ ತೋರಿಸಿಲ್ಲ. ಒಂದು ಪಕ್ಷ ಸರಿ ಅಂತಲೇ ಇಟ್ಟುಕೊಳ್ಳಿ. ಆಗಲೂ ಡೇವಿಡ್ ಚಾಮರ್ಸ್ ಅನ್ನುವ ಇನ್ನೊಬ್ಬ ತತ್ವಶಾಸ್ತ್ರಜ್ಞರ ಮಾತು ನನಗೆ ಒಪ್ಪಿಗೆಯಾಗುತ್ತದೆ. ಮೇಜು ಕಂಪ್ಯೂಟರಿನ ಬಿಟ್‌ಗಳಿಂದ ಆಗಿದೆ ಅಂತ ಗೊತ್ತಾದರೆ ಮೇಜಿನ ಬಗ್ಗೆ ಹೊಸದೊಂದು ಸಂಗತಿ ತಿಳಿದ ಹಾಗೆ. ಮೇಜು ನಕಲಿಯಾಗುವುದಿಲ್ಲ. ಬಂಡೆಯ ವಿಷಯದಲ್ಲಿ ಹೇಳಿದ್ದೇ ಇಲ್ಲೂ.

ಇನ್ನು ಶಂಕರರು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನಿಮ್ಮನ್ನು ಚುಚ್ಚುತ್ತಿರುವ ಮಾತು ಫಿಸಿಕ್ಸಿನದ್ದಲ್ಲ, ಮಣ್ಣಿಗೆ ಬಂದವರು ಹೇಳಿದ ಆ ‘ಎಲ್ಲಾ ಮಾಯೆ’.

ಬ್ರಹ್ಮ ಸತ್ಯ, ಜಗತ್ತು ಮಿಥ್ಯೆ ಅನ್ನುವ ಸಾಲು ಎಲ್ಲರ ಬಾಯಲ್ಲೂ ಇದೆ. ಆದರೆ ಶಂಕರರು ತಮ್ಮ ವಾದವನ್ನು ಪೂರ್ತಿ ಬಿಡಿಸಿಟ್ಟಿರುವುದು ಬ್ರಹ್ಮಸೂತ್ರ ಅನ್ನುವ ವೇದಾಂತದ ಮೂಲಗ್ರಂಥಕ್ಕೆ ಬರೆದ ಭಾಷ್ಯದಲ್ಲಿ. ಅದರ ಎರಡನೇ ಅಧ್ಯಾಯ, ಎರಡನೇ ಪಾದದಲ್ಲಿ ಅವರು ಒಂದು ಪಕ್ಷದ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಹೊರಗೆ ವಸ್ತುಗಳೇ ಇಲ್ಲ, ಎಲ್ಲ ಮನಸ್ಸಿನ ತೋರಿಕೆ, ಕನಸಿದ್ದ ಹಾಗೆ ಅನ್ನುತ್ತಿದ್ದ ವಿಜ್ಞಾನವಾದಿ ಬೌದ್ಧರ ಪಕ್ಷ ಅದು (ಇಲ್ಲಿ ವಿಜ್ಞಾನ ಅಂದರೆ ಅರಿವು, ಸೈನ್ಸ್ ಅಲ್ಲ). ನಿಮ್ಮ ವಿಡಿಯೋಗಳ ಮಾತಿಗೆ ತುಂಬಾ ಹತ್ತಿರದ್ದು. ಶಂಕರರು ಅದನ್ನು ಒಪ್ಪುವುದಿಲ್ಲ. 28ನೇ ಸೂತ್ರದಲ್ಲಿ ಅವರ ಉತ್ತರ: ವಸ್ತು ಇಲ್ಲ ಅನ್ನಲು ಬರುವುದಿಲ್ಲ, ಅದು ನಮಗೆ ಕಾಣುತ್ತಿದೆಯಲ್ಲ. ಊಟ ಮಾಡುತ್ತಾ, ಹೊಟ್ಟೆ ತುಂಬಿದ್ದನ್ನು ತಾನೇ ಅನುಭವಿಸುತ್ತಾ ‘ನಾನು ಉಣ್ಣುತ್ತಿಲ್ಲ, ನನಗೆ ತೃಪ್ತಿಯೂ ಇಲ್ಲ’ ಅನ್ನುವವನ ಮಾತಿನ ಹಾಗಾಯಿತು ಇದು ಅನ್ನುತ್ತಾರೆ. 29ನೇ ಸೂತ್ರದಲ್ಲಿ ಇನ್ನೂ ನೇರವಾಗಿ, ಎಚ್ಚರ ಕನಸಿನ ಹಾಗಲ್ಲ ಅನ್ನುತ್ತಾರೆ. ಕನಸಿನಲ್ಲಿ ಕಂಡದ್ದು ಎದ್ದ ಮೇಲೆ ಸುಳ್ಳಾಗುತ್ತದೆ. ಎಚ್ಚರದಲ್ಲಿ ಕಂಡ ಕಂಬ ಹಾಗೆ ಸುಳ್ಳಾಗುವುದಿಲ್ಲ.

ಜಗತ್ತು ಮಿಥ್ಯೆ ಅಂದ ಅದೇ ಶಂಕರರು ಜಗತ್ತು ಕನಸಲ್ಲ ಅಂತ ವಾದ ಹೂಡುತ್ತಾರೆ. ಎರಡೂ ಹೇಗೆ ಸಾಧ್ಯ? ಅದ್ವೈತಿಗಳು ಇರುವಿಕೆಯಲ್ಲಿ ಮೂರು ಮಟ್ಟ ಹೇಳುತ್ತಾರೆ. ಹಗ್ಗದಲ್ಲಿ ಕಂಡ ಹಾವು ಒಂದು ಮಟ್ಟ, ದೀಪ ತಂದರೆ ಹೋಗುತ್ತದೆ. ಹಗ್ಗ, ಮನೆ, ಊರು, ನೀವು, ನಾನು ಇನ್ನೊಂದು ಮಟ್ಟ, ಇದು ವ್ಯವಹಾರದ ಸತ್ಯ. ಎಂದೂ ಬದಲಾಗದ, ಯಾವ ಕಾಲಕ್ಕೂ ಅಲ್ಲಗಳೆಯಲಾಗದ ಬ್ರಹ್ಮ ಕೊನೆಯ ಮಟ್ಟ. ಜಗತ್ತು ಮಿಥ್ಯೆ ಅಂದರೆ ಅದು ಕೊನೆಯ ಮಟ್ಟದ್ದಲ್ಲ, ತನ್ನ ಬಲದ ಮೇಲೆ ತಾನೇ ನಿಂತಿಲ್ಲ ಅಂತ. ಮೊಲದ ಕೊಂಬಿನ ಹಾಗೆ ಇಲ್ಲವೇ ಇಲ್ಲ ಅಂತ ಅರ್ಥವಲ್ಲ. ಮೊಲದ ಕೊಂಬು ಯಾರಿಗೂ ಯಾವತ್ತೂ ಕಾಣುವುದಿಲ್ಲ, ಜಗತ್ತು ಕಾಣುತ್ತದೆ. ಈ ವ್ಯತ್ಯಾಸವನ್ನು ಅವರು ತುಂಬಾ ಎಚ್ಚರದಿಂದ ಇಟ್ಟುಕೊಂಡಿದ್ದಾರೆ. ವ್ಯವಹಾರದ ಸತ್ಯದಲ್ಲಿ ತಾಯಿ ತಾಯಿಯೇ, ಸಾಲ ಸಾಲವೇ, ಸಾವು ಸಾವೇ. ಬ್ರಹ್ಮಜ್ಞಾನ ಆಗುವವರೆಗೆ ಇದ್ಯಾವುದೂ ರದ್ದಾಗುವುದಿಲ್ಲ ಅಂತ ಭಾಷ್ಯದಲ್ಲೇ ಇದೆ.

ಅದ್ವೈತದ ಒಳಗೂ ಎಲ್ಲರದ್ದೂ ಒಂದೇ ದನಿಯಲ್ಲ. ಶಂಕರರಿಗಿಂತ ಮುಂಚಿನ ಗೌಡಪಾದರು ಎಚ್ಚರವನ್ನೂ ಕನಸನ್ನೂ ತುಂಬಾ ಹತ್ತಿರ ತರುತ್ತಾರೆ. ಅವರ ವಾದಕ್ಕೆ ಬಲವಿದೆ. ತರಗತಿಯಲ್ಲಿ ಜಾಣ ವಿದ್ಯಾರ್ಥಿಗಳು ಅವರ ಕಡೆಗೇ ವಾಲುತ್ತಿದ್ದರು. ಅದ್ವೈತದ ಹೊರಗೆ ಬಂದರೆ ಚಿತ್ರವೇ ಬೇರೆ. ರಾಮಾನುಜರಿಗೆ ಜಗತ್ತು ದೇವರ ಶರೀರ, ಆದ್ದರಿಂದ ಸತ್ಯ. ಮಧ್ವರು ಜೀವ, ಜಡ, ಈಶ್ವರರ ನಡುವಿನ ಐದು ಭೇದಗಳೂ ಸತ್ಯ ಅಂದರು. ನಮ್ಮ ಭಾಗದ ಮನೆಮನೆಯಲ್ಲಿ ಕೇಳುವ ವಚನಗಳಿಗೆ ಬಂದರೆ, ಅಲ್ಲಮಪ್ರಭುಗಳು ಹೊನ್ನು, ಹೆಣ್ಣು, ಮಣ್ಣು ಮಾಯೆಯಲ್ಲ, ಮನದ ಮುಂದಿನ ಆಸೆಯೇ ಮಾಯೆ ಅಂದರು. ಬಸವಣ್ಣನವರಿಗೆ ಈ ಲೋಕ ಕರ್ತಾರನ ಕಮ್ಮಟ. ಇಲ್ಲಿ ಸಲ್ಲುವವರೇ ಅಲ್ಲಿಯೂ ಸಲ್ಲುವುದು. ಲೋಕವೇ ಸುಳ್ಳಾಗಿದ್ದರೆ ಇಲ್ಲಿ ಸಲ್ಲುವುದಕ್ಕೆ ಅಷ್ಟು ಬೆಲೆ ಯಾಕೆ ಕೊಡುತ್ತಿದ್ದರು? ‘ಎಲ್ಲರೂ ಒಂದೇ ಮಾತು ಹೇಳುತ್ತಿದ್ದಾರೆ’ ಅಂತ ನಿಮಗೆ ಅನ್ನಿಸಿದ್ದು ಯಾರದನ್ನೂ ಪೂರ್ತಿ ಕೇಳಿಸಿಕೊಳ್ಳದೆ ಇದ್ದದ್ದರಿಂದ. ನಿಮ್ಮ ತಪ್ಪಲ್ಲ ಅದು. ಐದು ನಿಮಿಷದ ವಿಡಿಯೋದಲ್ಲಿ ಯಾರನ್ನೂ ಪೂರ್ತಿ ಕೇಳಿಸಿಕೊಳ್ಳಲು ಆಗದು.

ಹಾಗಂತ ನಿಮ್ಮ ಪ್ರಶ್ನೆ ಬಗೆಹರಿದಿದೆ ಅಂತ ನಾನು ಹೇಳುತ್ತಿಲ್ಲ. ಏನೂ ಇಲ್ಲದಿರುವ ಬದಲು ಏನೋ ಒಂದು ಯಾಕೆ ಇದೆ ಅಂತ ಜರ್ಮನ್ ತತ್ವಜ್ಞಾನಿ ಲೈಬ್ನಿಜ್ 1714ರಲ್ಲಿ ಕೇಳಿದರು. ಅದಕ್ಕೆ ಎಲ್ಲರೂ ಒಪ್ಪುವ ಉತ್ತರ ಇವತ್ತಿಗೂ ಇಲ್ಲ. ಋಗ್ವೇದದ ನಾಸದೀಯ ಸೂಕ್ತ ಇನ್ನೂ ಮುಂದೆ ಹೋಗುತ್ತದೆ. ಈ ಸೃಷ್ಟಿ ಎಲ್ಲಿಂದ ಬಂತು ಅನ್ನುವುದು ಮೇಲಿರುವ ಅಧ್ಯಕ್ಷನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದಿರಬಹುದು ಅನ್ನುತ್ತಾ ಮುಗಿಯುತ್ತದೆ. ಉತ್ತರವಿಲ್ಲದೆ ಬದುಕುವುದು ಸೋಲಲ್ಲ. ನಾನು ಇಷ್ಟು ವರ್ಷ ಈ ಪ್ರಶ್ನೆಯ ಜೊತೆಗೇ ಇದ್ದೇನೆ. ಅದರ ಜೊತೆಗೇ ಪಾಠ ಮಾಡಿದ್ದೇನೆ, ಮಕ್ಕಳನ್ನು ಬೆಳೆಸಿದ್ದೇನೆ, ಚೆನ್ನಾಗಿಯೇ ಊಟ ಮಾಡಿದ್ದೇನೆ.

ಈಗ ನಿಮ್ಮ ಅಸಲಿ ಪ್ರಶ್ನೆ. ಅಪ್ಪ ನಿಜವಾಗಿ ಇದ್ದರಾ?

ಇದ್ದರು.

ಕಾರಣ ಹೇಳುತ್ತೇನೆ. ‘ಎಲ್ಲಾ ಮಾಯೆ’ ಅನ್ನುವ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಉಳಿಯಲಿಲ್ಲ ಅನ್ನುವುದು ಒಂದು, ಇರಲೇ ಇಲ್ಲ ಅನ್ನುವುದು ಇನ್ನೊಂದು. ಮೊದಲನೆಯದು ನಿಜ, ಅಪ್ಪ ಉಳಿಯಲಿಲ್ಲ. ಅದರಿಂದ ಎರಡನೆಯದಕ್ಕೆ ಹಾರಲು ತರ್ಕದಲ್ಲಿ ದಾರಿಯಿಲ್ಲ. ಮುಗಿದುಹೋದದ್ದು ನಡೆದದ್ದಂತೂ ಹೌದು, ನಡೆಯದೆ ಏನೂ ಮುಗಿಯುವುದಿಲ್ಲ. ಅವರು ಇದ್ದ ವರ್ಷಗಳು ಇದ್ದವು ಅನ್ನುವ ಸಂಗತಿಯನ್ನು ಇನ್ನು ಯಾವ ಘಟನೆಯೂ ಅಳಿಸಲಾರದು, ಅವರ ಸಾವೂ ಅಳಿಸಲಾರದು. ಪರಮ ಅರ್ಥದಲ್ಲಿ ಅವರು ಬ್ರಹ್ಮವೇ ಆಗಿದ್ದರು ಅಂತ ಅದ್ವೈತಿ ಹೇಳಬಹುದು. ಆದರೆ ನಿಮ್ಮ ಅಪ್ಪ ಆಗಿರಲಿಲ್ಲ ಅಂತ ಅವನೂ ಹೇಳಲಾರ. ಛಾಂದೋಗ್ಯ ಉಪನಿಷತ್ತಿನಲ್ಲಿ ಮಣ್ಣು ಮತ್ತು ಮಡಕೆಯ ಉದಾಹರಣೆ ಬರುತ್ತದೆ. ಮಡಕೆ ಬರೀ ಹೆಸರು, ಮಣ್ಣೇ ಸತ್ಯ ಅನ್ನುವ ಪಾಠ. ಅದನ್ನು ಹೇಳಿಕೊಡುವವನು ಉದ್ದಾಲಕ, ಒಬ್ಬ ಅಪ್ಪ. ಕೇಳುವವನು ಅವನ ಮಗ ಶ್ವೇತಕೇತು. ಉಪ್ಪನ್ನು ನೀರಿಗೆ ಹಾಕಿಸಿ, ಕುಡಿಸಿ, ಆಲದ ಹಣ್ಣು ಒಡೆಸಿ, ಎಷ್ಟು ಪ್ರೀತಿಯಿಂದ ಹೇಳಿಕೊಡುತ್ತಾನೆ! ಅಪ್ಪ ಮಗನ ನಂಟು ಪೊಳ್ಳು ಅಂತ ಸಾರಲು ಆ ಉಪನಿಷತ್ತು ಹುಟ್ಟಿದ್ದಲ್ಲ. ಆ ನಂಟಿನೊಳಗೇ ಕೂತು ಅದು ಮಾತಾಡುತ್ತದೆ.

ನಿಮ್ಮ ಜಿಲ್ಲೆಯಲ್ಲೇ ಇನ್ನೊಂದು ಸಾಕ್ಷಿಯಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಎಲ್ಲವೂ ಅನಿತ್ಯ ಅಂದ ಬುದ್ಧನ ದಾರಿ ಹಿಡಿದ ರಾಜ ಅವನು. ಆ ಬಂಡೆಯ ಮೇಲೆ ಅವನು ಬರೆಸಿದ್ದೇನು? ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು ಅಂತ. ಅನಿತ್ಯವನ್ನು ಒಪ್ಪಿದವನಿಗೆ ತಂದೆ ತಾಯಿ ಲೆಕ್ಕಕ್ಕಿಲ್ಲದೆ ಹೋಗಲಿಲ್ಲ.

ಮಣ್ಣಿಗೆ ಬಂದವರ ಮೇಲೆ ಕೋಪ ಬೇಡ. ಸಾವಿನ ಮನೆಯಲ್ಲಿ ಏನು ಹೇಳಬೇಕು ಅಂತ ಯಾರಿಗೂ ತೋಚುವುದಿಲ್ಲ. ಅವರು ತತ್ವ ಹೇಳಲಿಲ್ಲ, ಬೆನ್ನು ಸವರಿದರು. ನೀವು ಅದನ್ನು ತತ್ವ ಅಂತ ತೆಗೆದುಕೊಂಡಿರಿ. ಅದಕ್ಕೂ ಒಂದು ಕಾರಣ ಇದೆ ಅಂತ ನನಗನ್ನಿಸುತ್ತದೆ. ಅಪ್ಪನೇ ನಿಜವಲ್ಲ ಅನ್ನುವುದಾದರೆ ಕಳೆದುಕೊಂಡದ್ದೂ ಏನಿಲ್ಲ. ಅಷ್ಟು ನೋವು ತಡೆಯಲಾಗದಾಗ ಮನಸ್ಸು ಇಂಥ ಬಾಗಿಲು ಹುಡುಕುತ್ತದೆ. ಆದರೆ ಆ ಬಾಗಿಲಲ್ಲಿ ಹೋದರೆ ನೋವಿನ ಜೊತೆಗೆ ಅಪ್ಪನೂ ಹೋಗುತ್ತಾರೆ. ಅದು ನಿಮಗೆ ಬೇಕಿಲ್ಲ. ಬೇಕಿದ್ದರೆ ನೀವು ನನಗೆ ಬರೆಯುತ್ತಲೇ ಇರಲಿಲ್ಲ.

ಗಾಜಿನ ಆಚೆಯ ಅನುಭವಕ್ಕೆ ಬರುತ್ತೇನೆ. ಸುತ್ತಲಿನದು ನಿಜವಲ್ಲ ಅನ್ನಿಸುವುದಕ್ಕೆ ವೈದ್ಯರು ಡೀರಿಯಲೈಸೇಶನ್ ಅನ್ನುತ್ತಾರೆ. ತನ್ನ ಕೈ, ತನ್ನ ದನಿ ತನ್ನದಲ್ಲ ಅನ್ನಿಸುವುದಕ್ಕೆ ಡೀಪರ್ಸನಲೈಸೇಶನ್. ಜೀವಮಾನದಲ್ಲಿ ಒಮ್ಮೆಯಾದರೂ ಇದು ಸ್ವಲ್ಪ ಹೊತ್ತು ಆಗಿಹೋಗುವವರು ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ. ಬಹಳ ಕಾಲ ಉಳಿದು ಕಾಯಿಲೆಯಾಗುವುದು ಸುಮಾರು 100ರಲ್ಲಿ ಒಬ್ಬಿಬ್ಬರಿಗೆ. ನಿದ್ದೆಗೆಡುವುದು, ಆತಂಕ, ದುಃಖ, ಪ್ಯಾನಿಕ್, ಗಾಂಜಾ ಇವೆಲ್ಲ ಇದನ್ನು ಎಬ್ಬಿಸುತ್ತವೆ. ಅಪರೂಪಕ್ಕೆ ಮೂರ್ಛೆರೋಗ ಅಥವಾ ಮೈಗ್ರೇನ್‌ನಿಂದಲೂ ಆಗುತ್ತದೆ. ತಡೆಯಲಾರದಷ್ಟು ಒತ್ತಡ ಬಂದಾಗ ಮೆದುಳು ಭಾವನೆಯ ದನಿಯನ್ನು ತಗ್ಗಿಸುತ್ತದೆ. ಕಣ್ಣಿಗೆ ಎಲ್ಲ ಕಾಣುತ್ತಿರುತ್ತದೆ, ಕಂಡದ್ದರ ಜೊತೆ ಬರಬೇಕಾದ ಆಪ್ತತೆ ಬರುವುದಿಲ್ಲ. ಹಾಗಾಗಿ ಜಗತ್ತು ಚಪ್ಪಟೆಯಾಗಿ, ದೂರದಲ್ಲಿ ಇದ್ದಂತೆ ತೋರುತ್ತದೆ.

ಇದು ಹುಚ್ಚಲ್ಲ ಅಂದದ್ದು ಯಾಕೆ ಅಂದರೆ, ನೀವು ‘ಹಾಗೆ ಅನ್ನಿಸುತ್ತೆ’ ಅಂತ ಬರೆದಿದ್ದೀರಿ. ಗಾಜು ಇಲ್ಲ ಅಂತ ನಿಮಗೆ ಗೊತ್ತಿದೆ, ಕೈ ನಿಮ್ಮದೇ ಅಂತಲೂ ಗೊತ್ತಿದೆ. ಆ ಅರಿವು ಉಳಿದಿರುವುದೇ ದೊಡ್ಡ ವ್ಯತ್ಯಾಸ. ಇನ್ನೊಂದನ್ನು ಗಮನಿಸಿ. ಈ ಅನುಭವದಿಂದ ಜಗತ್ತಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಜ್ವರ ಬಂದಾಗ ಬೆಣ್ಣೆ ದೋಸೆಯೂ ಕಹಿಯಾದರೆ ದೋಸೆ ಹಾಳಾಗಿದೆ ಅಂತ ನೀವು ಹೇಳುವುದಿಲ್ಲ, ಅಲ್ವಾ? ಪಕ್ಕದಲ್ಲಿ ಚೆನ್ನಾಗಿ ನಿದ್ದೆ ಮಾಡಿದವನು ನಡೆಯುತ್ತಿದ್ದರೆ ಅವನಿಗೆ ಅದೇ ಪಿ.ಜೆ. ಬಡಾವಣೆ ಎಂದಿನ ಹಾಗೇ ಇರುತ್ತದೆ.

ನಿಮ್ಮ ರೂಮ್‌ಮೇಟ್ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಅದು ಜ್ಞಾನದ ಮೆಟ್ಟಿಲಲ್ಲ. ಬ್ರಹ್ಮವಿಚಾರಕ್ಕೆ ಕೂರುವ ಮೊದಲು ನಾಲ್ಕು ಯೋಗ್ಯತೆ ಇರಬೇಕು ಅಂತ ಶಂಕರರು ಮೊದಲ ಸೂತ್ರದ ಭಾಷ್ಯದಲ್ಲೇ ಹೇಳುತ್ತಾರೆ. ಅದರಲ್ಲಿ ಮನಸ್ಸಿನ ಶಾಂತಿ, ಇಂದ್ರಿಯಗಳ ಹಿಡಿತ ಸೇರಿವೆ. ನಿದ್ದೆಯಿಲ್ಲದ ರಾತ್ರಿ, ಎದೆ ಹೊಡೆದುಕೊಳ್ಳುವ ಹೆದರಿಕೆ ಆ ಪಟ್ಟಿಯಲ್ಲಿ ಇಲ್ಲ. ಆಸೆ ತೀರಿ ಬಿಡುವುದು ಬೇರೆ, ಮೈ ಮರಗಟ್ಟಿ ಬಿಟ್ಟುಹೋಗುವುದು ಬೇರೆ.

ಹಾಗಾದರೆ ಏನು ಮಾಡಬೇಕು? ಆಶ್ರಮದ ಮಾತು ಮೊದಲು. ಈಗ ಬೇಡ. ಸಂನ್ಯಾಸ ಕೆಟ್ಟದ್ದು ಅಂತಲ್ಲ. ದುಃಖದ ವರ್ಷದಲ್ಲಿ ತೆಗೆದುಕೊಂಡ ಇಂಥ ತೀರ್ಮಾನವನ್ನು ಆಮೇಲೆ ಹಿಂದಕ್ಕೆ ಪಡೆಯುವುದು ಕಷ್ಟ. ಅಮ್ಮ ಒಂದೇ ವರ್ಷದಲ್ಲಿ ಇಬ್ಬರನ್ನು ಕಳೆದುಕೊಂಡ ಹಾಗಾಗುತ್ತದೆ. ಜೊತೆಗೆ, ಗಂಟೆಗಟ್ಟಲೆ ಮೌನವಾಗಿ ಕೂರುವ ಧ್ಯಾನ ಶಿಬಿರಗಳು ಕೆಲವರಲ್ಲಿ ಈ ಗಾಜಿನ ಅನುಭವವನ್ನು ಇನ್ನೂ ಜಾಸ್ತಿ ಮಾಡುತ್ತವೆ. ಜವಾಬ್ದಾರಿಯಿರುವ ಗುರುಗಳು ಯಾರೇ ಆದರೂ ‘ಮನೆಯಲ್ಲಿ ಹೇಳಿ ಬಂದೆಯಾ’ ಅಂತ ಮೊದಲು ಕೇಳುತ್ತಾರೆ. ಕೇಳದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆಯನ್ನೇ ತಲೆಯಿಂದ ತೆಗೆದುಹಾಕಿ ಓದಿನಲ್ಲಿ ಮುಳುಗುವುದು ಇನ್ನೊಂದು ದಾರಿ. ಕೆಲವರಿಗೆ ಒಗ್ಗುತ್ತದೆ. ನಿಮಗೆ ಒಗ್ಗುವುದು ಅನುಮಾನ, ಒತ್ತಿದಷ್ಟೂ ರಾತ್ರಿ ಎದ್ದು ಬರುತ್ತದೆ. ಹಗಲಲ್ಲಿ ಅದಕ್ಕೊಂದು ಹೊತ್ತು ಕೊಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ರಾತ್ರಿ ಊಟದ ನಂತರ ಆ ವಿಡಿಯೋಗಳು ಬೇಡ. ಇದನ್ನು ಮಾತ್ರ ಕಟ್ಟುನಿಟ್ಟಾಗಿ ಕೇಳಿಕೊಳ್ಳುತ್ತೇನೆ.

ವೈದ್ಯರ ವಿಷಯ ಮುಂದೂಡಬೇಡಿ. ದಾವಣಗೆರೆಯಲ್ಲಿ ಮನೋವೈದ್ಯರಿಗೆ ಕೊರತೆಯಿಲ್ಲ. ಹಣದ ಚಿಂತೆಯಿದ್ದರೆ ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮೂರ್ಛೆರೋಗ, ಮೈಗ್ರೇನ್ ಇಲ್ಲ ಅಂತ ಖಚಿತ ಮಾಡಿಕೊಳ್ಳುವುದು ಅವರ ಮೊದಲ ಕೆಲಸ. ಈ ಅನುಭವಕ್ಕೇ ಅಂತ ಒಂದು ಮಾತ್ರೆಯಿಲ್ಲ. ಜೊತೆಗಿರುವ ಆತಂಕ, ಖಿನ್ನತೆ, ನಿದ್ದೆಯ ತೊಂದರೆಗೆ ಚಿಕಿತ್ಸೆ ಕೊಡುತ್ತಾರೆ, ಕೌನ್ಸೆಲಿಂಗ್ ಮಾಡುತ್ತಾರೆ. ಮಾತ್ರೆ ಕೊಟ್ಟರೆ ಅದರ ಅಡ್ಡಪರಿಣಾಮ ಏನು, ಎಷ್ಟು ದಿನ ಅಂತ ಬಾಯಿಬಿಟ್ಟು ಕೇಳಿ. ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಗಾಜಿನ ಅನುಭವ ಬಂದಾಗ ‘ಹೋಯ್ತಾ, ಇದೆಯಾ’ ಅಂತ ಪದೇ ಪದೇ ಪರೀಕ್ಷೆ ಮಾಡಿದರೆ ಅದು ಹೆಚ್ಚಾಗುತ್ತದೆ. ಬದಲಿಗೆ ಕೈಗೆ ತಣ್ಣೀರು ಹಾಕಿಕೊಳ್ಳಿ, ಎದುರಿಗಿರುವ ಅಂಗಡಿಗಳ ಬೋರ್ಡು ಗಟ್ಟಿಯಾಗಿ ಓದಿ, ಯಾರಿಗಾದರೂ ಫೋನ್ ಮಾಡಿ. ಆ ಹೊತ್ತಲ್ಲಿ ಗಾಡಿ ಓಡಿಸಬೇಡಿ, ಕೋಟೆಯ ಮೇಲೋ ಜೋಗಿಮಟ್ಟಿಯಲ್ಲೋ ಅಂಚಿಗೆ ಹೋಗಬೇಡಿ.

ಯಾರೂ ಇಲ್ಲದಾಗ ದನಿ ಕೇಳಿಸಿದರೆ, ‘ಅನ್ನಿಸುತ್ತೆ’ ಹೋಗಿ ‘ಹಾಗೇ ಇದೆ’ ಅನ್ನುವ ನಂಬಿಕೆ ಬಂದರೆ, ಅಥವಾ ಏನೂ ನಿಜವಲ್ಲ ಅಂದಮೇಲೆ ಬದುಕಿ ಏನು ಅನ್ನುವ ಯೋಚನೆ ಒಂದು ಸಲ ಬಂದರೂ ಸಾಕು, ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಆ ಕ್ಷಣವೇ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಅಮ್ಮನಿಗೆ ಹೇಳಿ. ಸಿಮ್ಯುಲೇಶನ್, ಕ್ವಾಂಟಮ್ ಎಲ್ಲ ಹೇಳಬೇಕಾಗಿಲ್ಲ. ‘ಅಪ್ಪ ಹೋದಮೇಲೆ ನನಗೆ ನಿದ್ದೆ ಬರ್ತಿಲ್ಲಮ್ಮ, ಏನೂ ಮುಟ್ಟಿದ ಹಾಗೆ ಆಗ್ತಿಲ್ಲ’ ಅಂದರೆ ಸಾಕು. ಅವರಿಗೂ ಹಾಗೇ ಆಗುತ್ತಿರಬಹುದು. ವಾರಕ್ಕೊಮ್ಮೆ ದುರ್ಗಕ್ಕೆ ಹೋಗಿ ಬನ್ನಿ, ಅಲ್ಲಿಂದ ಇಲ್ಲಿಗೆ ಬಸ್ಸಿನಲ್ಲಿ ಎಷ್ಟು ದೂರ!

ನಿದ್ದೆ ಸರಿಹೋದ ಮೇಲೆ ತತ್ವಶಾಸ್ತ್ರ ಓದಬೇಕು ಅನ್ನಿಸಿದರೆ ಖಂಡಿತ ಓದಿ. ನಿಮ್ಮಂಥವರು ಓದಬೇಕು. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದಿದೆ. ನಾನು ಹೇಳಿದ ಆ ಎರಡು ಸೂತ್ರಗಳ ಭಾಷ್ಯವನ್ನು ತೆಗೆದು, ಯಾರಾದರೂ ಬಲ್ಲವರ ಜೊತೆ ಕೂತು ಓದಿ. ಅಲ್ಲಿ ಶಂಕರರ ವಾದ ನಿಮಗೆ ಹಿಡಿಸದೆ ಗೌಡಪಾದರ ಕಡೆಯೇ ನಿಂತರೂ ಪರವಾಗಿಲ್ಲ. ಯಾಕೆ ಒಪ್ಪಲಿಲ್ಲ ಅಂತ ಕಾರಣ ಕೊಟ್ಟು ನನಗೆ ಬರೆಯಿರಿ, ಉತ್ತರ ಕೊಡುತ್ತೇನೆ. ವೈದ್ಯರನ್ನು ಕಂಡು ಬಂದದ್ದನ್ನೂ ಅದೇ ಪತ್ರದಲ್ಲಿ ತಿಳಿಸಿ.